ಬಾರ್ತೆಲಮಿ ಒರೆಂಗೊ ಸಂತಳಿಗೆ ಕೊಟ್ಟ ದೋಣಿ

ಬಾರ್ತೆಲಮಿ ಒರೆಂಗೊ ತನ್ನ ದೋಣಿಯನ್ನು ಜೂಜಿನಲ್ಲಿ ಕಳೆದುಕೊಂಡನೆಂದು ಮೊನಾಕೊದ ಬಂದರಿನಲ್ಲಿ ಇಂದಿಗೂ ಆಡಿಕೊಳ್ಳುವವರಿದ್ದಾರೆ. ಅವರೆಲ್ಲ ಹೊರಗಿನಿಂದ ಬಂದವರು. ಈ ಸಂಸ್ಥಾನದ ಪ್ರಜೆಗಳಿಗೆ ಇಲ್ಲಿನ ಜೂಜುಕೋಣೆಯಲ್ಲಿ ಆಡಲು ಕಾನೂನೇ ಬಿಡುವುದಿಲ್ಲ; ಎಪ್ಪತ್ತು ವರ್ಷಗಳ ಬಾಳಿನಲ್ಲಿ ಬಾರ್ತೆಲಮಿ ಅದರ ಹೊಸ್ತಿಲು ತುಳಿದವನಲ್ಲ.

ಅವನ ಕೈತಪ್ಪಿದ್ದು ಕಡಲು. ಅಜ್ಜನ ಕಾಲದಿಂದ ಬಲೆ ಬಿಡುತ್ತಿದ್ದ ಬಂಡೆಸಾಲಿನ ಮೇಲೆ ಕಲ್ಲು ಸುರಿದು, ಸಿರಿವಂತರ ಮನೆಗಳಿಗಾಗಿ ಹೊಸ ನೆಲ ಮಾಡಿದರು. ಮೂರು ಚಳಿಗಾಲ ಬರಿಬಲೆ ಎಳೆದ ಮೇಲೆ ಅವನು ದೋಣಿಯನ್ನು ಮಾರಲು ಹೊರಟ. ಬಂದರಿನ ತುಂಬ ವಿಹಾರನೌಕೆಗಳು ನಿಂತಿರುವ ಊರಿನಲ್ಲಿ ಆ ಮರದ ದೋಣಿ ಯಾರಿಗೂ ಬೇಡವಾಗಿತ್ತು.

ಜನವರಿಯಲ್ಲಿ, ಊರನ್ನು ಕಾಯುವ ಸಂತ ದೆವೋತಳ ಹಬ್ಬದ ಮುನ್ನಾದಿನ, ಅವಳ ಇಗರ್ಜಿಯ ಮುಂದೆ ಒಂದು ದೋಣಿಯನ್ನು ಸುಡುವುದು ರೂಢಿ. ಆ ವರ್ಷದ ದೋಣಿಯನ್ನು ತಾನು ಕೊಡುತ್ತೇನೆಂದ ಬಾರ್ತೆಲಮಿ.

"ಲೋ, ಹುಚ್ಚು ಹಿಡೀತೇನೋ ನಿಂಗೆ? ಇದ್ರೊಳಗೆ ಈಗ್ಲೂ ಒಂದ್ ತೊಟ್ಟು ನೀರು ಸೋರಲ್ಲ," ಎಂದ ಜೊತೆಗಾರ ಲಜಾರ್.

"ಕೊಳೆಯೋದನ್ನ ನೋಡ್ತಾ ಕೂರೋಕೆ ನನ್ ಕೈಲಾಗಲ್ಲ ಕಣೋ."

"ಅತ್ತಿಗೆ ಹೆಸರು ಬರೆಸಿದ್ದೀಯಲ್ಲೋ ಅದ್ರ ಮೇಲೆ! ಅವರು ಹೋಗಿ ಇನ್ನೂ ಎರಡು ವರ್ಷ ಆಗಿಲ್ಲ."

"ಬೆಳಿಗ್ಗೇನೇ ಕೆರೆದು ತೆಗ್ದೆ," ಎಂದ ಬಾರ್ತೆಲಮಿ.

ಮುಸ್ಸಂಜೆ ಪಂಜು ತಾಗಿಸಿದಾಗ ಜನ ಚಪ್ಪಾಳೆ ತಟ್ಟಿದರು. ಹಳೆಯ ದೋಣಿ, ಬೇಗ ಉರಿದುಹೋಗುತ್ತದೆ ಎಂದು ಬಾರ್ತೆಲಮಿ ಎಂದುಕೊಂಡಿದ್ದ. ಆದರೆ ಅವನೇ ಪ್ರತಿ ವಸಂತದಲ್ಲಿ ಜೋಪಾನ ಮಾಡಿದ್ದ ಹಲಗೆಗಳು ಬಹಳ ಹೊತ್ತು ಬೆಂಕಿಗೆ ಬಗ್ಗಲಿಲ್ಲ. ಅವನು ಕದಲದೆ ನಿಂತು ನೋಡಿದ.

ಈಗ ಅವನು ಸರ್ಕಾರಿ ವಸತಿಯ ಒಂಬತ್ತನೆಯ ಮಹಡಿಯಲ್ಲಿ ಒಬ್ಬನೇ ಇದ್ದಾನೆ. ಕಿಟಕಿಯಿಂದ ಆ ಹೊಸ ನೆಲ ಪೂರ್ತಿಯಾಗಿ ಕಾಣುತ್ತದೆ. ಮೀನನ್ನು ಅಂಗಡಿಯಿಂದ ತರುತ್ತಾನೆ.