ಮೋರಿಕಟ್ಟೆಯ ಗೌಡಸಾನಿ

ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಿದ್ದರೆ ಈ ಊರಿನಲ್ಲಿ ಯಾರಿಗಾದರೂ ಹೊಸ ಬಿಲ್ಡಿಂಗು, ಲಿಫ್ಟು, ಕೈಗೆ ಬರುವ ಕೀಲಿಗೊಂಚಲು ನೆನಪಾದೀತು. ನನಗೆ ನೆನಪಾಗುವುದು ಒಂದು ಮುದಿ ಬೆಕ್ಕು. ಹೋದ ವಾರ ಜೋಗೇಶ್ವರಿಯ ನಮ್ಮ ಫ್ಲ್ಯಾಟಿನ ಬಚ್ಚಲು ಸೋರುತ್ತದೆಂದು ನೆಲ ಅಗೆಸಿದೆವು. ಗೌಂಡಿ ಕೆಲಸಕ್ಕೆ ಬಂದವನು ಕಲಬುರ್ಗಿ ಕಡೆಯ ಹುಡುಗ. ಮರಳು ಸಿಮೆಂಟು ಗುಡ್ಡೆ ಹಾಕಿ, ನಡುವೆ ಕುಣಿ ಮಾಡಿ ನೀರು ಸುರಿದ. ಆ ನೀರು ಒಳಗಿಳಿಯುವಾಗ ಏಳುತ್ತದಲ್ಲ, ಮಣ್ಣಿಗೆ ಸುಣ್ಣ ಬೆರೆಸಿದಂಥ ತಣ್ಣನೆಯ ವಾಸನೆ, ಅದು ಒಲೆಯ ಮುಂದಿದ್ದ ನನ್ನನ್ನು ಕೈಹಿಡಿದು ಎಳೆದೊಯ್ದು ಕುರ್ಲಾದ ಚಾಳಿನ ಖೋಲಿಯಲ್ಲಿ ನಿಲ್ಲಿಸಿತು. "ಅಕ್ಕಾರ, ಬಾಗಲಿಗೆ ಕಟ್ಟಿ ಎಷ್ಟ ಎತ್ತರ ಇಡೂಣ್ರಿ?" ಎಂದು ಹುಡುಗ ಕೇಳುತ್ತಿದ್ದ. "ಕಟ್ಟಿ ಬ್ಯಾಡಪಾ, ಇಳಿಜಾರ ಮಾಡು" ಎಂದೆ. ಅವನು ನನ್ನ ಕಾಲುಗಳ ಕಡೆ ಒಮ್ಮೆ ನೋಡಿ, "ಮನ್ಯಾಗ ವಯಸ್ಸಾದವ್ರು ಅದಾರೇನ್ರಿ?" ಎಂದ. "ಇದ್ರು" ಎಂದಷ್ಟೇ ಹೇಳಿ ಒಲೆ ಆರಿಸಿದೆ.

ಆ ಖೋಲಿಯ ಅಳತೆ ಹೇಳಿದರೆ ನನ್ನ ಮಗಳು ನಗುತ್ತಾಳೆ. ಅವಳ ಮಂಚ ಒಂದು ಹಾಕಿದರೆ ತಿರುಗಾಡಲು ಜಾಗ ಉಳಿಯದಷ್ಟು. ಅಷ್ಟರಲ್ಲೇ ಅಪ್ಪ, ಅವ್ವ, ನಾನು, ಅಪ್ಪನ ತಾಯಿ ಮತ್ತು ಬೆಕ್ಕು. ಅಪ್ಪನ ತಾಯಿಯನ್ನು ನಮ್ಮ ವಿಜಯಪುರದ ಕಡೆಯ ರೂಢಿಯಂತೆ ನಾನು ಆಯಿ ಎನ್ನುತ್ತಿದ್ದೆ. ಕೆಳಗಿನ ಸಾಲಿನ ಖೋಲಿ, ಬಾಗಿಲ ಮುಂದೆ ಗಟಾರ, ಗಟಾರದಾಚೆ ಗೋಡೆ, ಗೋಡೆಯಾಚೆ ದಿನವಿಡೀ ಲೋಕಲ್ಲಿನ ಸದ್ದು. ಬೆಳಿಗ್ಗೆ ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದೂ ಟ್ರೇನಿನ ಸದ್ದೂ ಒಂದಕ್ಕೊಂದು ಕೂಡಿಕೊಂಡೇ ನನಗೆ ಎಚ್ಚರವಾಗುತ್ತಿತ್ತು. ಒಂದು ಮೂಲೆಯಲ್ಲಿ ಮೋರಿ. ಚಾಳಿನಲ್ಲಿ ಬೆಳೆದವರಿಗೆ ಮೋರಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ: ಮೈ ತೊಳೆಯುವುದು, ಪಾತ್ರೆ ತಿಕ್ಕುವುದು, ಬಟ್ಟೆ ಒಗೆಯುವುದು ಎಲ್ಲಕ್ಕೂ ಅದೊಂದೇ ಮೂಲೆ, ಅದಕ್ಕೊಂದು ನೀರು ಹೋಗುವ ತೂತು. ಅಕ್ಕಪಕ್ಕದವರ ಮೋರಿಗೆ ನಾಲ್ಕು ಬೆರಳಿನ ಕಟ್ಟೆ. ನಮ್ಮದಕ್ಕೆ ಒಂದೂವರೆ ಗೇಣು. ಒಂದು ಮಳೆಗಾಲ ಗಟಾರದ ನೀರು ಮೋರಿಯ ತೂತಿನಿಂದ ಉಕ್ಕಿ ಬಂದು ಆಯಿ ಹಳೆ ಸೀರೆಗಳಿಂದ ಹೊಲಿದ ಕೌದಿಗಳನ್ನೆಲ್ಲ ತೋಯಿಸಿದ ಮೇಲೆ ಅಪ್ಪ ಅದನ್ನು ಕಟ್ಟಿದ್ದ. ಅಪ್ಪ ಗೌಂಡಿ. ವಿಕ್ರೋಳಿಯ ಕಡೆ ಎಷ್ಟೋ ದೊಡ್ಡ ಬಿಲ್ಡಿಂಗುಗಳ ಬಚ್ಚಲುಗಳಿಗೆ ಅವನ ಕೈ ತಗುಲಿದೆ. ಆದರೆ ಅವನಿಗೆ ಹೆಮ್ಮೆ ಇದ್ದದ್ದು ಈ ಕಟ್ಟೆಯ ಮೇಲೆ. ಬಂದವರಿಗೆ ಚಹಾ ಕೊಡುವ ಮೊದಲು ಅದನ್ನು ತೋರಿಸುತ್ತಿದ್ದ.

ಬೆಕ್ಕಿಗೆ ಗೌಡಸಾನಿ ಎಂದು ಹೆಸರಿಟ್ಟವಳು ಆಯಿ. ಊರ ಗೌಡನ ಹೆಂಡತಿ ವಾಡೆಯ ಮುಂದೆ ನಡೆದಂತೆ ಈ ಬೂದುಬಣ್ಣದ ಬೆಕ್ಕು ಚಾಳಿನ ಗ್ಯಾಲರಿಯಲ್ಲಿ ನಡೆಯುತ್ತದೆಂದು ಅವಳ ವಾದ. ಯಾರಾದರೂ ಕರೆದರೆ ಬರುತ್ತಿರಲಿಲ್ಲ. ಕರೆಯದಿದ್ದಾಗ ಬಂದು ತೊಡೆಯ ಮೇಲೆ ಕೂರುತ್ತಿತ್ತು. ಹಾಲಿನ ಬಟ್ಟಲು ಒಂದು ಅಂಗುಲ ಆಚೀಚೆಯಾದರೆ ಮುಟ್ಟುತ್ತಿರಲಿಲ್ಲ. ಮೈಲಿಗೆಯ ವಿಷಯದಲ್ಲಂತೂ ನಮ್ಮ ಆಯಿಗಿಂತ ಒಂದು ಕೈ ಮೇಲು. ಮರಿಯಿದ್ದಾಗಿನಿಂದಲೂ ಮೋರಿಕಟ್ಟೆಯನ್ನು ಚಂಗನೆ ಹಾರಿ, ತೂತಿನ ಮೇಲೇ ಕೂತು ತನ್ನ ಕೆಲಸ ಮುಗಿಸಿ, ಅವ್ವ ಒಂದು ತಂಬಿಗೆ ನೀರು ಹಾಕುವವರೆಗೆ ಅಲ್ಲೇ ಕಾದು ನಿಲ್ಲುತ್ತಿತ್ತು. ಇಂಥ ಬೆಕ್ಕು ಇಡೀ ಕುರ್ಲಾದಲ್ಲಿ ಇಲ್ಲವೆಂದು ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಈಗಲೂ ಹೇಳುತ್ತೇನೆ.

ಹದಿಮೂರು ವರ್ಷ ದಾಟಿದ ಮೇಲೆ ಗೌಡಸಾನಿಯ ನಡಿಗೆ ಬದಲಾಯಿತು. ಡಬ್ಬಿಗಳ ಸ್ಟ್ಯಾಂಡಿನ ಮೇಲೆ ಹಾರುವುದು ಬಿಟ್ಟಿತು. ಬೆನ್ನ ಮೇಲಿನ ಕೂದಲು ಗಂಟುಗಂಟಾಯಿತು, ಅಲ್ಲಿಗೆ ಕತ್ತು ತಿರುಗಿಸಿ ನೆಕ್ಕಿಕೊಳ್ಳಲು ಆಗುತ್ತಿರಲಿಲ್ಲವೆಂದು ನಮಗೆ ಹೊಳೆಯಲಿಲ್ಲ. ಸೊಂಟ ಮುಟ್ಟಿದರೆ ಗುರ್ ಎನ್ನುತ್ತಿತ್ತು. ವಯಸ್ಸಾಯಿತು, ಸಿಟ್ಟು ಹೆಚ್ಚಾಯಿತು ಎಂದುಕೊಂಡೆವು. ಆಮೇಲೆ ಖೋಲಿಯೊಳಗೇ ಗಲೀಜು ಶುರುವಾಯಿತು. ಅವ್ವ ಮುಂಜಾನೆ ಎದ್ದು ಫಿನೈಲು ಹಾಕಿ ಒರೆಸುವಳು, ಸಂಜೆಗೆ ಮತ್ತೆ ಅದೇ. ನಾವು ಉಣ್ಣುವುದೂ ಮಲಗುವುದೂ ಅದೇ ನೆಲದ ಮೇಲೆ. ಅಪ್ಪ ಎರಡು ವಾರ ಸುಮ್ಮನಿದ್ದ. ಮೂರನೆಯ ವಾರ ತಟ್ಟೆಯ ಮುಂದೆ ಕೂತವನು, "ಐತವಾರ ಅದನ್ನ ಮೀನಿನ ಬಾಜಾರದಾಗ ಬಿಟ್ಟ ಬರ್ತೀನಿ. ಹೊಟ್ಟಿ ತುಂಬ ತಿಂತೈತಿ" ಎಂದ. ಕೆಟ್ಟ ಮನುಷ್ಯನಲ್ಲ ಅವನು, ಕಣ್ಣು ತಟ್ಟೆಯಲ್ಲೇ ಇತ್ತು. "ಓಡಾಕ ಬರದಾಕಿನ್ನ ನಾಯಿಗಳ ನಡುವ ಬಿಡ್ತೀಯೇನು?" ಎಂದಳು ಆಯಿ. ಅಪ್ಪ ಎದ್ದು ಕೈ ತೊಳೆದ. ನಾನು ಗೌಡಸಾನಿಯನ್ನು ಅಪ್ಪಿಕೊಂಡು ಅತ್ತೆ. ಅದಕ್ಕೆ ಸೊಂಟ ನೋಯಿತೋ ಏನೋ, ನನ್ನ ಕೈ ಪರಚಿ ಆಯಿ ಮಲಗುವ ಕಿರಿದಾದ ಕಾಟಿನ ಕೆಳಗೆ ಹೋಯಿತು.

ಇಲ್ಲಿ ನನ್ನದೊಂದು ಗುಟ್ಟು ಹೇಳಬೇಕು. ಆಗ ಗಣಪತಿ ಹಬ್ಬ ಮುಗಿದು ತಿಂಗಳ ಮೇಲಾಗಿತ್ತು. ಅಷ್ಟು ದಿನದಿಂದ ಆಯಿ ಮೋರಿಕಟ್ಟೆ ದಾಟಬೇಕಾದರೆ ನನ್ನ ಹೆಗಲು ಹಿಡಿಯುತ್ತಿದ್ದಳು. ಅಪ್ಪ ಕೆಲಸಕ್ಕೆ ಹೋಗಿ, ಅವ್ವ ನಲ್ಲಿಗೆ ಹೋದ ಹೊತ್ತು ನೋಡಿ, "ಸುವ್ವಿ, ಬಾರ ಇಲ್ಲೆ" ಎಂದು ಮೆಲ್ಲಗೆ ಕರೆಯುವಳು. ಅವಳ ಮೊಣಕಾಲು ಊದಿಕೊಂಡಿತ್ತು. "ಯಾರ ಮುಂದನೂ ಬಾಯಿ ಬಿಡಬ್ಯಾಡ" ಎಂದು ಆಣೆ ಹಾಕಿಸಿದ್ದಳು. ಹತ್ತು ಜನ ಗಂಡಾಳುಗಳ ಸಮ ಹೊಲದಲ್ಲಿ ದುಡಿದವಳು, ಒಬ್ಬರ ಕೈ ಹಿಡಿದು ನಡೆದವಳಲ್ಲ. ಮಗ ಅಭಿಮಾನದಿಂದ ಕಟ್ಟಿದ ಕಟ್ಟೆ ತನಗೆ ಎತ್ತರವಾಯಿತು ಎಂದು ಹೇಳುವುದಕ್ಕಿಂತ ಬಚ್ಚಲಿಗೆ ಹೋಗದೆ ಇರುವುದೇ ವಾಸಿ ಎಂದು ಅವಳ ಲೆಕ್ಕ. ನನಗೋ, ಇಡೀ ಮನೆಯಲ್ಲಿ ಆಯಿ ನನ್ನೊಬ್ಬಳ ಹೆಗಲು ನಂಬಿದ್ದಾಳೆಂಬ ಠೇಂಕಾರ. ಆಣೆ ಮುರಿಯಲಿಲ್ಲ.

ಅಪ್ಪ ಗಡುವು ಕೊಟ್ಟ ಮರುದಿನದಿಂದ ಆಯಿ ಕಾಟಿನ ತುದಿಗೆ ಕೂತು ಬೆಕ್ಕನ್ನೇ ನೋಡತೊಡಗಿದಳು. ಕೈಯಲ್ಲಿ ಕೌದಿ, ಸೂಜಿ. ಕಣ್ಣು ಮಾತ್ರ ಗೌಡಸಾನಿಯ ಮೇಲೆ. ಮಧ್ಯಾಹ್ನ ಅದು ಎದ್ದು, ಮೆಲ್ಲಗೆ ಮೋರಿಯ ಮುಂದೆ ಹೋಯಿತು. ಮುಂಗಾಲೊಂದನ್ನು ಕಟ್ಟೆಯ ಮೇಲಿಟ್ಟಿತು. ಹಿಂಗಾಲು ಕುಗ್ಗಿಸಿ ಹಾರಲು ನೋಡಿತು, ನಿಂತಿತು. ಮುಂಗಾಲು ಇಳಿಸಿತು. ಮತ್ತೊಮ್ಮೆ ಇಟ್ಟಿತು, ಇಳಿಸಿತು. ಕೊನೆಗೆ ಅಲ್ಲೇ, ಕಟ್ಟೆಗೆ ಒತ್ತಿಕೊಂಡು ಕೂತುಬಿಟ್ಟಿತು. ಕೆಳಗೆ ನೀರು ಹರಿಯಿತು. ಆಯಿಯ ಸೂಜಿ ನಿಂತಿತು. "ಆಕಿ ಜಾಗಾ ತಪ್ಪಿಲ್ಲ, ಸುವ್ವಿ" ಎಂದಳು. "ಬಾಗಲತನಾ ಹೋಗ್ಯಾಳ. ಬಾಗಲಾ ಏರಾಕ ಆಗಿಲ್ಲ." ನಿಜವೇ, ಅಷ್ಟು ದಿನ ಅವ್ವ ಒರೆಸಿದ್ದೆಲ್ಲ ಅದೊಂದೇ ಜಾಗ. ಕಾಟಿನ ಕೆಳಗಾಗಲಿ, ದೇವರ ಮುಂದಾಗಲಿ ಒಂದು ಹನಿ ಇಲ್ಲ. ದಿನಾ ಒರೆಸುವವರಿಗೆ ಕಾಣದ್ದು ಇವಳಿಗೆ ಕಂಡಿತು. ಒಂದು ಇಟ್ಟಿಗೆ ಇಟ್ಟು ನೋಡಿದೆವು. ಏರಿದರೂ ಒಳಗೆ ಇಳಿಯಬೇಕಲ್ಲ, ಒಳಗಿನ ನೆಲ ಇನ್ನೂ ಕೆಳಗೆ, ಮೇಲಾಗಿ ಪಾಚಿ. ಗೌಡಸಾನಿ ಇಟ್ಟಿಗೆಯನ್ನು ಮೂಸಿ ನಮ್ಮತ್ತ ತಾತ್ಸಾರದಿಂದ ನೋಡಿ ಹೋಯಿತು.

ಶನಿವಾರ ಆಯಿ ಬೆಕ್ಕನ್ನು ಬಾಜಾರದ ಚೀಲದಲ್ಲಿ ಕೂರಿಸಿ, ನನ್ನನ್ನು ಕರೆದುಕೊಂಡು, ನನ್ನ ಹೆಗಲು ಹಿಡಿದು ಬಸ್ಸು ಹತ್ತಿ ಪ್ರಾಣಿಗಳ ದವಾಖಾನೆಗೆ ಹೋದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮರಾಠಿ ಮಾತು. ಗೌಡಸಾನಿಯ ಹಿಂಗಾಲುಗಳನ್ನು ಮೆಲ್ಲಗೆ ಮಡಚಿ, ಬಿಡಿಸಿ ನೋಡಿದಳು. ಆಮೇಲೆ ಬೆಕ್ಕಿನ ಮೈ ಮೂಸಿದಳು. "ಆಜಿ, ಹಾ ಬಾಮ್ ಕೋಣಾಚಾ?" ಈ ಬಾಮು ಯಾರದು ಎಂದು ಕೇಳಿದ್ದಕ್ಕೆ ಆಯಿ ನೆಲ ನೋಡಿದಳು. ತನ್ನ ಮೊಣಕಾಲಿಗೆ ಹಚ್ಚಿಕೊಳ್ಳುವುದನ್ನೇ ನಾಲ್ಕು ದಿನದಿಂದ ಬೆಕ್ಕಿಗೂ ಹಚ್ಚುತ್ತಿದ್ದಳು, ತನಗೆ ಹಿತವಾದದ್ದು ಅದಕ್ಕೂ ಆಗಲಿ ಎಂದು. ಡಾಕ್ಟರು ಬೈಯಲಿಲ್ಲ, ಆದರೆ ಖಡಾಖಂಡಿತ ಹೇಳಿದಳು: ಬೆಕ್ಕು ಮೈ ನೆಕ್ಕುತ್ತದೆ, ಅದರ ಹೊಟ್ಟೆಗೆ ಇದು ವಿಷ, ಮನುಷ್ಯರ ನೋವಿನ ಗುಳಿಗೆಯಂತೂ ಚೂರು ಕೊಟ್ಟರೂ ಜೀವ ಹೋದೀತು. ಆಯಿ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಅವಳದೇ ಗುಳಿಗೆಯ ಅರ್ಧ ಚೂರು ಇತ್ತು. ಆ ಸಂಜೆ ಹಾಲಲ್ಲಿ ಅರೆದು ಕೊಡಬೇಕೆಂದು ಮುರಿದಿಟ್ಟದ್ದು. ಅದನ್ನು ಮೇಜಿನ ಮೇಲಿಟ್ಟು ಡಾಕ್ಟರ ಕಡೆ ಸರಿಸಿದಳು. ಬೆಕ್ಕಿಗೆಂದೇ ಬೇರೆ ಹನಿಮದ್ದು ಕೊಟ್ಟ ಡಾಕ್ಟರು, ಸಂಧಿವಾತ ವಾಸಿಯಾಗುವುದಿಲ್ಲ, ನೋವು ತಗ್ಗಿಸಬಹುದು, ಬೆಚ್ಚಗಿನ ಹಾಸಿಗೆ ಹಾಕಿ, ಹಾರಬೇಕಾದ ಕಡೆ ಇಳಿಜಾರು ಮಾಡಿಕೊಡಿ ಎಂದಳು. ನಂತರ ಆಯಿಯನ್ನೇ ನೋಡಿ, "ನಿಮಗೂ" ಎಂದಳು.

ಮರುದಿನ ಐತವಾರ ಬೆಳಿಗ್ಗೆ ಅಪ್ಪ ಗೋಣಿಚೀಲ ಕೊಡವಿಕೊಂಡು ನಿಂತ. ಆಯಿ ಡಾಕ್ಟರ ಮಾತು ಹೇಳಿದಳು, ಜಾಗ ತೋರಿಸಿದಳು. ಬೆಕ್ಕಿಗೋಸ್ಕರ ಮೋರಿ ಒಡೆಯಬೇಕೇ ಎಂದು ಅಪ್ಪ ನಕ್ಕ. ನಗುವಿನಲ್ಲಿ ಸಿಟ್ಟಿತ್ತು. ಆಗ ಆಯಿ ಎದ್ದಳು. "ಹಂಗಾರ ಒಂದ ಚೀಲದಾಗ ಆಗೂದಿಲ್ಲ ತಮ್ಮಾ. ಇನ್ನೊಂದ ತಗೊಂಡ ಬಾ."

"ಯಾಕಬೇ ಯವ್ವಾ?"

"ನನಗ ಬೇಕಲಾ."

ಹಾಗೆಂದು ಮೋರಿಯ ಮುಂದೆ ಹೋದಳು. ನಾನು ರೂಢಿಯಂತೆ ಹೆಗಲು ಕೊಡಲು ಓಡಿದರೆ ಕೈಯಿಂದಲೇ ತಡೆದಳು. ಗೋಡೆ ಹಿಡಿದು ಬಲಗಾಲು ಎತ್ತಿದಳು. ಕಟ್ಟೆಯ ಅರ್ಧಕ್ಕೆ ಬಂದ ಕಾಲು ಅಲ್ಲೇ ನಡುಗಿ ಕೆಳಗಿಳಿಯಿತು. ಮತ್ತೆ ಎತ್ತಿದಳು, ಮತ್ತೆ ಇಳಿಯಿತು. ಆಣೆ ಹಾಕಿಸಿ ಮುಚ್ಚಿಟ್ಟ ತನ್ನ ಸೋಲನ್ನು ಮಗನ, ಸೊಸೆಯ ಎದುರು, ತೆರೆದ ಬಾಗಿಲಲ್ಲಿ, ಒಂದು ಬೆಕ್ಕಿಗಾಗಿ ತಾನೇ ಎತ್ತಿ ತೋರಿಸಿದಳಲ್ಲ, ಅವಳಷ್ಟು ಎತ್ತರದ ಮನುಷ್ಯರನ್ನು ನಾನು ಆಮೇಲೆ ನೋಡಲಿಲ್ಲ. ಅಪ್ಪ ನನ್ನ ಕಡೆ ತಿರುಗಿದ. "ಎಷ್ಟ ದಿನಾ ಆತು?" "ಗಣಪತಿ ಹಬ್ಬದಿಂದ" ಎಂದೆ. ಅಪ್ಪ ಚೀಲ ಹೆಗಲಿಗೆ ಹಾಕಿಕೊಂಡು, ಬೆಕ್ಕನ್ನು ಮುಟ್ಟದೆ ಹೊರಗೆ ಹೋದ.

ಒಂದು ತಾಸಿನ ಮೇಲೆ ಬಂದಾಗ ಅದೇ ಚೀಲ ತುಂಬಿತ್ತು, ಮರಳಿನಿಂದ. ಇನ್ನೊಂದು ಕೈಯಲ್ಲಿ ಸಿಮೆಂಟಿನ ಗಂಟು, ಕಂಕುಳಲ್ಲಿ ಒಂದು ಪೈಪಿನ ತುಂಡು. ಅಂಗಿ ಕಳಚಿ, ಸುತ್ತಿಗೆ ಛೇಣಿ ತಗೊಂಡು, ಬಂದವರಿಗೆಲ್ಲ ತೋರಿಸುತ್ತಿದ್ದ ಆ ಕಟ್ಟೆಗೆ ಮೊದಲ ಪೆಟ್ಟು ಹಾಕಿದ. "ನೀರ ಬರಬಾರ್ದಂತ ಕಟ್ಟಿದ್ನೆಬೇ ನಾ, ನೀವಿಬ್ರು ದಾಟಬಾರ್ದಂತಲ್ಲ" ಎಂದ, ಮುಖ ಗೋಡೆಯ ಕಡೆ ಮಾಡಿ. ಮಧ್ಯಾಹ್ನದ ಹೊತ್ತಿಗೆ ಹೊರಗೊಂದು ಒಳಗೊಂದು ಇಳಿಜಾರು, ನಡುವೆ ನಾಲ್ಕು ಬೆರಳಿನ ಉಬ್ಬು. ಕಾಲು ಜಾರದಿರಲೆಂದು ಹಸಿ ಸಿಮೆಂಟಿನ ಮೇಲೆ ಕಸಬರಿಗೆಯಿಂದ ಗೀರೆಳೆದ. ಆಯಿಯ ಕೈಯೆತ್ತರ ಅಳೆದು ಗೋಡೆಗೆ ಪೈಪು ಕೂರಿಸಿದ. ಇಡೀ ಖೋಲಿ ಆ ತಣ್ಣನೆಯ ವಾಸನೆಯಿಂದ ತುಂಬಿತ್ತು. ಅಪ್ಪ ಕೈ ತೊಳೆಯಲು ಹೊರಗೆ ಹೋಗಿದ್ದಷ್ಟೇ. ಗೌಡಸಾನಿ ಕಾಟಿನ ಕೆಳಗಿಂದ ಎದ್ದು ಬಂದು, ಇಳಿಜಾರನ್ನು ಮೂಸಿ, ಯಾರ ಅಪ್ಪಣೆಯನ್ನೂ ಕೇಳದೆ ಮೇಲೇರಿ, ಆಚೆ ಇಳಿದು, ತೂತಿನ ಮೇಲೆ ಕೂತಿತು. ಹಸಿ ಸಿಮೆಂಟಿನಲ್ಲಿ ಹೆಜ್ಜೆ ಮೂಡಿದವು. ಮೂರು ಕಾಲಿನವು ಸ್ಪಷ್ಟ, ನಾಲ್ಕನೆಯದು ಎಳೆದಂತೆ. ತನ್ನ ಪ್ಲಾಸ್ಟರಿನ ಮೇಲೆ ಕಾಗೆ ಕಾಲಿಟ್ಟರೂ ಕೆರೆದು ಮತ್ತೆ ಸಾರಿಸುವವನು ನಮ್ಮಪ್ಪ. ಒಳಗೆ ಬಂದು ನೋಡಿದ. ಕರಣಿ ಎತ್ತಿಕೊಂಡ. ಹಾಗೇ ಕೆಳಗಿಟ್ಟ. "ಇರ್ಲಿ ಬಿಡು" ಎಂದ. ಅವ್ವ ತಂಬಿಗೆಯಲ್ಲಿ ನೀರು ತಂದು ತೂತಿಗೆ ಹಾಕಿದಳು.

ಗೌಡಸಾನಿ ಅಲ್ಲಿಂದ ಎರಡು ಮಳೆಗಾಲ ಬದುಕಿತು, ಒಂದು ದಿನವೂ ನೆಲ ಕೆಡಿಸದೆ. ಆಯಿ ಅದಕ್ಕೊಂದು ಪುಟ್ಟ ಕೌದಿ ಹೊಲಿದಳು. ಕೌದಿ ಹಸಿದಿರಬಾರದೆಂದು ನಮ್ಮಲ್ಲಿ ಕೊನೆಯ ಮೂಲೆ ಹೊಲಿಯುವ ಮುಂಚೆ ಹೋಳಿಗೆಯ ಚೂರು ಇಡುತ್ತಾರೆ. ಬೆಕ್ಕಿನ ಕೌದಿಗೂ ಇಟ್ಟದ್ದಕ್ಕೆ ಇರುವೆ ಮುತ್ತಿ, ಮೂಲೆ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ದಿನಾ ಸಂಜೆ ನಾನು ಹನಿಮದ್ದು ಹಾಕುತ್ತಿದ್ದೆ, ಬೆನ್ನಿನ ಕೂದಲು ಬಾಚುತ್ತಿದ್ದೆ. ಆಯಿ ಪೈಪು ಹಿಡಿದು ತಾನೇ ಇಳಿಜಾರು ಏರುವಾಗ ನಾನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ಮರುವರ್ಷದ ಮಳೆಯಲ್ಲಿ ಒಮ್ಮೆ ನೀರು ಉಬ್ಬು ದಾಟಿ ಒಳಗೆ ಬಂತು. ಕೌದಿಗಳನ್ನು ಕಾಟಿನ ಮೇಲೆ ಹೇರಿ, ಬೆಕ್ಕನ್ನು ಅವುಗಳ ಮೇಲೆ ಕೂರಿಸಿ, ನಾವೆಲ್ಲ ನೀರು ತೋಡಿದೆವು. ಅಪ್ಪ ಕಟ್ಟೆಯ ಮಾತೆತ್ತಲಿಲ್ಲ. ಮುಂದೆ ಚಾಳಿನಲ್ಲಿ ಮೊಣಕಾಲು ನೋವಿದ್ದವರ ಮೋರಿಗಳನ್ನೆಲ್ಲ ಅಪ್ಪ ಐತವಾರಗಳಲ್ಲಿ ಒಡೆದು ಇಳಿಜಾರು ಮಾಡಿಕೊಟ್ಟ. ನಮೂನೆ ನೋಡಲು ಬಂದವರಿಗೆ ಮೊದಲು ತೋರಿಸುತ್ತಿದ್ದದ್ದು ಆ ಹೆಜ್ಜೆಗಳನ್ನು.

ಈಗ ಆ ಚಾಳಿಲ್ಲ. ಅಲ್ಲೊಂದು ಟವರು ಎದ್ದಿದೆ. ಮೊದಲು ಗೌಡಸಾನಿ, ಆಮೇಲೆ ಆಯಿ, ಹಿಂದಿನಿಂದ ಅಪ್ಪ, ಅವ್ವ, ಎಲ್ಲ ಹೋದರು. ಚಾಳು ಕೆಡವುವ ಮುಂಚೆ ಒಮ್ಮೆ ಹೋಗಿ ಆ ಇಳಿಜಾರಿನ ಮೇಲೆ ಕೈಯಾಡಿಸಿ ಬಂದಿದ್ದೆ. ಎಳೆದ ಕಾಲಿನ ಗೀರು ಬೆರಳಿಗೆ ಸಿಕ್ಕಿತ್ತು. ಕಿತ್ತು ತರುವಂಥದ್ದಲ್ಲ ಅದು.

ಹುಡುಗ ಸಂಜೆಗೆ ಕೆಲಸ ಮುಗಿಸಿದ. ನಾನು ಒಂದು ಚೊಂಬು ನೀರು ಸುರಿದು ಹರಿವು ನೋಡಿದೆ, ಗೌಂಡಿಯ ಮಗಳು ಎಂದು ಅವನಿಗೆ ಹೇಳಿದೆ. ಅವನು ನಕ್ಕು, ಕರಣಿ ತೊಳೆದುಕೊಂಡು, "ಹಸಿ ಐತ್ರಿ ಅಕ್ಕಾರ. ಬಾಗಲಾ ಹಾಕ್ಕೊರ್ರಿ, ಬೆಕ್ಕು ಗಿಕ್ಕು ಬಂದ್ರ ಹೆಜ್ಜಿ ಮೂಡ್ತಾವು" ಎಂದು ಹೇಳಿ ಹೋದ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಆದರೂ ನಾನು ಬಾಗಿಲು ಹಾಕಲಿಲ್ಲ.