ಅವ್ವನ ಸೊಂಟದಲ್ಲಿದ್ದ ಕಾರಿನ ಕೀಲಿ

ನಮ್ಮ ಹಳೇ ಕಾರಿನ ಜಾಮಾದ ವೈಪರ್ ಬಿಡಿಸಲು ಬಾನೆಟ್ ಎತ್ತಿ, ಅದನ್ನು ಆಡಿಸುವ ಸರಳುಗಳ ಸಂದಿಗೆ ಬೆರಳು ತೂರಿಸಿದ್ದೆ. ವೈಪರ್ ಸಡಿಲಾದ ಕೂಡಲೇ ಪರೀಕ್ಷಿಸೋಣವೆಂದು ಕೀಲಿ ಆನ್ ಮಾಡಿಯೇ ಇಟ್ಟಿದ್ದೆ. ಅವ್ವ ಬಂದವಳೇ ಅದನ್ನು ಕಿತ್ತು ಸೊಂಟಕ್ಕೆ ಸಿಗಿಸಿಕೊಂಡಳು.

“ವೈಪರ್ ಸ್ವಿಚ್ ಆಫ್ ಐತಿ ಬೇ. ಆಫ್ ಇದ್ದದ್ದು ಹೆಂಗ ತಿರಗತೈತಿ? ಕಾರಣ ಹೇಳು,” ಎಂದು ವಾದಕ್ಕಿಳಿದೆ.

ಅವ್ವ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಾಳೆ. ಅಲ್ಲಿ ಮಷೀನಿಗೆ ಕೈ ಹಾಕುವವರು ಮೊದಲು ಫ್ಯೂಜ್ ಕಿತ್ತು ತಮ್ಮ ಹತ್ತಿರವೇ ಇಟ್ಟುಕೊಳ್ಳುವುದು ರೂಢಿ.

“ಚರ್ಚಾ ಸ್ಪರ್ಧಾದಾಗ ಕಪ್ ಗೆದ್ದೀ, ಖರೆ. ಬೆರಳು ಹೋದ್ರ ಕಪ್ ಹೆಂಗ ಹಿಡೀತಿ?” ಎಂದಳು. ಕೀಲಿ ಮಾತ್ರ ಕೊಡಲಿಲ್ಲ.

ತುಕ್ಕಿಗೆ ಡೀಸೆಲ್ ಬಿಟ್ಟು ಅರ್ಧ ತಾಸು ಅಲುಗಿಸಿದ ಮೇಲೆ ವೈಪರ್ ಸಡಿಲಾಯಿತು. ನಾನು ಕೈ ಹೊರತೆಗೆದದ್ದನ್ನು ನೋಡಿಯೇ ಅವ್ವ ಕೀಲಿ ಹಾಕಿ ತಿರುಗಿಸಿದಳು. ವೈಪರ್ ಧಡ್ಡನೆ ಎದ್ದಿತು. ಈಗಷ್ಟೇ ನನ್ನ ಬೆರಳಿದ್ದ ಸಂದಿಯನ್ನು ಸರಳು ಕತ್ತರಿಯಂತೆ ಮುಚ್ಚಿತು. ಬೆಳಿಗ್ಗೆ ವೈಪರ್ ಸ್ವಿಚ್ ಆನ್ ಮಾಡಿ ನೋಡಿ, ಹಾಗೇ ಬಿಟ್ಟು ಮರೆತವನು ನಾನೇ.

ಅವ್ವನ ಜೊತೆ ಈಗಲೂ ಎಲ್ಲದಕ್ಕೂ ವಾದ ಮಾಡುತ್ತೇನೆ. ಆದರೆ ಬಾನೆಟ್ ಎತ್ತುವ ಮೊದಲು ಕೀಲಿಯನ್ನು ಅವಳ ಕೈಗೆ ಕೊಟ್ಟು ಬರುತ್ತೇನೆ, ಕಾರಣ ಕೇಳದೆ.