ಟೈಲರಮ್ಮನ ಕೋಟಿನೊಳಗೆ

ಟೈಲರಮ್ಮನ ಹತ್ತಿರ ಕೋಟು ಹೊಲಿಸಲು ಬಂದ ಗಂಡಸರೆಲ್ಲ ಅಳತೆಗೆ ನಿಂತ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ಆಕೆ ಟೇಪು ಹಿಡಿದು ಸುಮ್ಮನೆ ಕಾಯುತ್ತಿದ್ದಳು. ಚಳಿ ಹೇಗಿದೆ ಎನ್ನುತ್ತಿದ್ದಳು, ಮಕ್ಕಳ ಓದು ವಿಚಾರಿಸುತ್ತಿದ್ದಳು. ಉತ್ತರ ಕೊಡಬೇಕಾದರೆ ಉಸಿರು ಬಿಡಲೇಬೇಕಲ್ಲ, ಬಿಟ್ಟ ಗಳಿಗೆಯಲ್ಲೇ ಟೇಪು ಸುತ್ತಿ ಅಳತೆ ತೆಗೆದುಬಿಡುತ್ತಿದ್ದಳು. ಅವಳು ಹೊಲಿದ ಕೋಟು ಯಾರಿಗೂ ಬಿಗಿಯಾಗಿದ್ದಿಲ್ಲ. ಹಾಗೆಂದು ಅವಳನ್ನು ಪೂರ್ತಿ ನಂಬಿದವರೂ ಇರಲಿಲ್ಲ.

ವಯಸ್ಸು ಐವತ್ತರ ಹತ್ತಿರ. ಗಂಡ ಊರೊಳಗಿನ ಬಸ್ಸಿನ ಡ್ರೈವರು. ಮಗಳು ಮದುವೆಯಾಗಿ ಬೇರೆ ಊರಲ್ಲಿದ್ದಳು. ಮನೆಯಲ್ಲಿ ಅತ್ತೆ. ಅತ್ತೆ ಸೊಸೆ ಎಂದೂ ಜಗಳವಾಡಿದವರಲ್ಲ, ಜಗಳಕ್ಕೆ ಬೇಕಾದಷ್ಟು ಮಾತೇ ಅವರ ನಡುವೆ ಇರಲಿಲ್ಲ. "ಉಪ್ಪು ಎಲ್ಲಿ?" "ಅಲ್ಲೇ ಇದೆ." ಇಷ್ಟರಲ್ಲಿ ದಿನ ಸಾಗುತ್ತಿತ್ತು.

ಅವಳ ಅಂಗಡಿ ಇಬ್ಬರು ನಿಲ್ಲುವಷ್ಟು ಅಗಲ. ಎಡಕ್ಕೆ ವಾಚು ರಿಪೇರಿಯವನು, ಬಲಕ್ಕೆ ಉಲ್ಲನ್ ಅಂಗಡಿಯ ಅಕ್ಕ. ಉಲ್ಲನ್ ಅಕ್ಕನ ಅಂಗಡಿಗೂ ಇವಳದಕ್ಕೂ ನಡುವೆ ಇದ್ದದ್ದು ಬರೀ ಪ್ಲೈವುಡ್ ಹಲಗೆ. ಗೋಡೆಗೂ ಕಿವಿ ಇರುತ್ತೆ ಎನ್ನುತ್ತಾರೆ, ಈ ಹಲಗೆಗೆ ಇದ್ದದ್ದು ಉಲ್ಲನ್ ಅಕ್ಕನ ಕಿವಿ.

ವಾಚು ರಿಪೇರಿಯವನ ಗಾಜಿನ ಕಪಾಟಿನಲ್ಲಿ ಒಂದು ಹಳೆಯ ಕ್ಯಾಮೆರಾ ಬಹಳ ಕಾಲದಿಂದ ಕೂತಿತ್ತು. ಅವನಿಗೆ ದೊಡ್ಡ ಕಾಲರಿನ ಕೋಟು ಬೇಕಿತ್ತು. ಕೋಟು ಮುಗಿದ ದಿನ ಟೈಲರಮ್ಮ ಕಪಾಟಿನ ಕಡೆ ಬೆರಳು ತೋರಿಸಿ, "ಅದನ್ನ ಕೊಟ್ಟುಬಿಡಿ, ಹೊಲಿಗೆ ಕೂಲಿಗೆ ಸರಿಹೋಯ್ತು" ಎಂದಳು. ಯಾಕೆ ಬೇಕೆನಿಸಿತೋ ಅವಳಿಗೇ ಗೊತ್ತಿರಲಿಲ್ಲ. ದಿನಾ ಎದುರಿಗೆ ಕಂಡದ್ದು, ಒಂದು ದಿನ ಕೇಳಿದಳು, ಅಷ್ಟೇ.

"ಇದು ರೇಂಜ್‌ಫೈಂಡರ್ ಅಮ್ಮ," ಎಂದು ಅವನು ಕಲಿಸಿಕೊಟ್ಟ. "ಇದರಲ್ಲಿ ಲೆನ್ಸಿನೊಳಗಿಂದ ನೋಡೋದಲ್ಲ. ಮೂಲೇಲಿ ಚಿಕ್ಕ ಕಿಟಕಿ ಇದೆ ನೋಡಿ, ಅದರಿಂದ ನೋಡಬೇಕು. ನಡುವೆ ಹಳದಿ ಚೌಕ ಕಾಣುತ್ತೆ. ಅದರೊಳಗೆ ಎಲ್ಲಾ ಎರಡೆರಡು. ಲೆನ್ಸಿನ ಉಂಗುರ ತಿರುಗಿಸ್ತಾ ಹೋಗಿ, ಎರಡೂ ಕೂಡಿ ಒಂದಾದ ಕಡೆ ಗುಂಡಿ ಒತ್ತಿ."

ಮನೆಗೆ ತಂದು ಮೊದಲು ನೋಡಿದ್ದು ಅತ್ತೆಯನ್ನು. ಹಳದಿ ಚೌಕದಲ್ಲಿ ಅತ್ತೆಗೆ ಎರಡು ಮೂಗು, ಎರಡು ಬಾಯಿ. ಒಬ್ಬರನ್ನು ಸಂಭಾಳಿಸುವುದೇ ಸಾಕಾಗಿದೆ ಎಂದುಕೊಂಡು ಬೇಗ ಬೇಗ ಉಂಗುರ ತಿರುಗಿಸಿ ಒಬ್ಬರನ್ನಾಗಿ ಮಾಡಿದಳು. ಟಿಕ್. ಪೇಪರು ಓದುತ್ತಿದ್ದ ಅತ್ತೆ ತಲೆ ಕೂಡ ಎತ್ತಲಿಲ್ಲ. ಸದ್ದೆಂದರೆ ಅಷ್ಟು ಕಡಿಮೆ. ಟೈಲರಮ್ಮನಿಗೆ ಕ್ಯಾಮೆರಾ ರುಚಿ ಹತ್ತಿದ್ದು ಆ ಸದ್ದಿಗೇ. ಎದುರಿಗಿದ್ದವರಿಗೆ ತಿಳಿಯದಂತೆ ಅವರ ಮುಖ ಕದಿಯಬಹುದು.

ಮೊದಲ ರೀಲು ಪೂರ್ತಿ ಲೆನ್ಸಿನ ಮುಚ್ಚಳ ತೆಗೆಯದೇ ತೆಗೆದಳು. ನೋಡುವ ಕಿಟಕಿ ಬೇರೆ, ಲೆನ್ಸು ಬೇರೆ. ಮುಚ್ಚಳವಿದ್ದರೂ ಕಿಟಕಿಯಲ್ಲಿ ಲೋಕ ಝಗಝಗ ಎಂದೇ ಕಾಣುತ್ತದೆ. ತೊಳೆದುಕೊಟ್ಟ ಸ್ಟುಡಿಯೋದವನು ಖಾಲಿ ಫಿಲ್ಮನ್ನು ಬೆಳಕಿಗೆ ಹಿಡಿದು, "ಕತ್ತಲನ್ನ ಬಹಳ ಚೆನ್ನಾಗಿ ತೆಗೆದಿದ್ದೀರಿ" ಎಂದ. ಅವಳು ಮನೆಗೆ ಹೋಗಿ ಮುಚ್ಚಳವನ್ನು ಗುಂಡಿಗಳ ಡಬ್ಬಕ್ಕೆ ಎಸೆದಳು.

ಅಷ್ಟರಲ್ಲಿ ಚಳಿ ಬಂತು. ಆ ವರ್ಷದ ಚಳಿ ಸಾಮಾನ್ಯದ್ದಲ್ಲ. ಬೀದಿಯ ಹೊಂಡಗಳ ನೀರು ಬೆಳಗಾಗುವಷ್ಟರಲ್ಲಿ ಗಾಜಾಗಿರುತ್ತಿತ್ತು. ನಲ್ಲಿಯ ಬಾಯಿಂದ ಮಂಜಿನ ಗಡ್ಡ ಇಳಿದಿರುತ್ತಿತ್ತು. ಜನ ಮೂಗಿನವರೆಗೂ ಸುತ್ತಿಕೊಂಡು, ಬಾಯಿಂದ ಹೊಗೆ ಬಿಡುತ್ತಾ, ಕಾಲು ಜಾರದಂತೆ ಬಾತುಗಳ ಹಾಗೆ ನಡೆಯುತ್ತಿದ್ದರು. ಟೈಲರಮ್ಮನಿಗೆ ಹಬ್ಬವಾಯಿತು. ಬಲಗೈ ಗ್ಲೌಸಿನ ಎರಡು ಬೆರಳ ತುದಿ ಕತ್ತರಿಸಿ, ಅಂಚು ಮಡಿಸಿ ಹೊಲಿದುಕೊಂಡು, ಅಂಗಡಿ ತೆರೆಯುವ ಮೊದಲೇ ಬೀದಿಗಿಳಿದಳು.

ಕ್ಯಾಮೆರಾ ಮಾತ್ರ ಮುಷ್ಕರ ಹೂಡಿತು. ಕಣ್ಣಿಗೆ ಹಿಡಿದರೆ ಉಸಿರಿಗೆ ಕಿಟಕಿ ಮಂಜಾಗುತ್ತಿತ್ತು. ಲೋಹ ಮೂಗಿಗೆ ಅಂಟಿಕೊಳ್ಳುತ್ತಿತ್ತು. ಟಿಕ್ ಎನ್ನುತ್ತಿದ್ದದ್ದು ಮುದುಕರು ಮೆಟ್ಟಿಲು ಹತ್ತಿದ ಹಾಗೆ ಟಿ...ಕ್ ಎನ್ನತೊಡಗಿತು. ಚಿತ್ರದ ಅರ್ಧ ಬಿಳಿ, ಅರ್ಧ ಕಪ್ಪು. ಅವಸರದಲ್ಲಿ ಫಿಲ್ಮು ಸುತ್ತಿದರೆ ಹಪ್ಪಳದಂತೆ ಮುರಿಯಿತು. ಬೆಚ್ಚಗಿನ ಅಂಗಡಿಗೆ ಬಂದು ಹೊರಗೆ ತೆಗೆದರೆ ಲೆನ್ಸು ಮೈತುಂಬ ಬೆವರಿತು.

ವಾಚು ರಿಪೇರಿಯವನು ಅವಳ ಅಂಗಡಿಗೇ ಬಂದು ನೋಡಿದ. "ಒಳಗಿನ ಎಣ್ಣೆ ಗಟ್ಟಿಯಾಗಿದೆ. ಹೊಟ್ಟೆ ಹತ್ರ ಬೆಚ್ಚಗೆ ಇಟ್ಕೊಳ್ಳಿ. ಒಳಗೆ ಬಂದ ತಕ್ಷಣ ಕೋಟು ಬಿಚ್ಚಬೇಡಿ, ಸ್ವಲ್ಪ ಹೊತ್ತು ಹಾಗೇ ಕೂತಿರಿ. ನಡೆಯುವಾಗ ಹುಷಾರು, ಬಿದ್ದರೆ ಕಷ್ಟ. ಈ ವಯಸ್ಸಿಗೆ ಇಷ್ಟು ಚೆನ್ನಾಗಿದೆ ಅನ್ನೋದೇ ದೊಡ್ಡದು."

ವಯಸ್ಸು ಎಂದದ್ದು ಕ್ಯಾಮೆರಾದ್ದು. ಪ್ಲೈವುಡ್ಡಿನ ಆಚೆ ಉಲ್ಲನ್ ಅಕ್ಕ ಉಂಡೆ ಸುತ್ತುವುದನ್ನು ನಿಲ್ಲಿಸಿದಳು.

ಟೈಲರಮ್ಮ ಅವತ್ತೇ ಕೋಟಿನ ಒಳಗೆ, ಹೊಟ್ಟೆಯ ನೇರಕ್ಕೆ, ಫ್ಲಾನೆಲ್ಲಿನ ದೊಡ್ಡ ಜೇಬು ಹೊಲಿದಳು. ಕೋಟಿನ ಎರಡು ಗುಂಡಿ ಬಿಚ್ಚಿದರೆ ಕ್ಯಾಮೆರಾ ಹೊರಗೆ, ಟಿಕ್, ಮತ್ತೆ ಒಳಗೆ. ಉಪಾಯ ಫಲಿಸಿತು. ಆದರೆ ಕೋಟಿನ ಮುಂಭಾಗ ಗುಂಡಗೆ ಉಬ್ಬಿತು. ಅವಳು ಒಂದು ಕೈಯನ್ನು ಅದರ ಮೇಲಿಟ್ಟುಕೊಂಡು, ಅಂಗುಲ ಅಂಗುಲವಾಗಿ ಹೆಜ್ಜೆ ಇಡುತ್ತಿದ್ದಳು. ಅಂಗಡಿಗೆ ಬಂದರೂ ಕೋಟು ಬಿಚ್ಚದೆ ಕೂತಿರುತ್ತಿದ್ದಳು.

ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಬಸ್ಸಿನಲ್ಲಿ ಯಾರಿಗೂ ಜಾಗ ಬಿಡದ ಬ್ಯಾಂಕಿನ ಮ್ಯಾನೇಜರು ಎದ್ದು ನಿಂತು, "ಕೂತ್ಕೊಳ್ಳಿ, ಈ ಸ್ಥಿತೀಲಿ ನಿಲ್ಲಬಾರದು" ಎಂದ. ಅವಳು ತನ್ನ ಮಂಡಿನೋವಿನ ಸುದ್ದಿ ಇವನಿಗೆ ಹೇಗೆ ಗೊತ್ತಾಯಿತೆಂದು ಬೆರಗಾಗಿ ಕೂತಳು. ಅಂಚೆ ಕಚೇರಿಯ ಸಾಲಿನಲ್ಲಿ ಎಲ್ಲರೂ ಸರಿದು ಅವಳನ್ನು ಮುಂದೆ ಕಳಿಸಿದರು. ತರಕಾರಿಯವನು ಚೀಲ ಹೊತ್ತು ಬಾಗಿಲವರೆಗೆ ಬಂದ. ಮಗಳ ಫೋನು ಬಂದ ಮೇಲೆ ವಿಷಯ ತಿಳಿಯಿತು.

"ಅಮ್ಮ, ಉಲ್ಲನ್ ಆಂಟಿ ಹೇಳಿದ್ದು ನಿಜಾನಾ?"

"ಏನು ಹೇಳಿದಳು?"

"ಹೆಸರು ಮಾತ್ರ ನಾನು ಇಡ್ತೀನಿ," ಎಂದಳು ಮಗಳು.

ಟೈಲರಮ್ಮ ಅರ್ಥವಾದ ಮೇಲೆ ಬಾಯಿಗೆ ಸೆರಗಿನಂತೆ ಹೊಲಿಗೆಯ ಬಟ್ಟೆ ಒತ್ತಿಕೊಂಡು ನಕ್ಕಳು. ಮಗಳಿಗೆ ನಿಜ ಹೇಳಿದಳು. ಊರಿಗೆ ಹೇಳಲಿಲ್ಲ. ನಾನಾಗಿ ಏನಾದರೂ ಹೇಳಿದೆನೇ? ಯಾರಾದರೂ ನನ್ನನ್ನು ಕೇಳಿದರೇ? ಹೀಗೆ ತನಗೆ ತಾನೇ ವಕೀಲಿಕೆ ಮಾಡಿಕೊಂಡಳು. ಅದಕ್ಕಿಂತ ಹೆಚ್ಚಾಗಿ, ಇಷ್ಟು ಒಳ್ಳೆಯ ಮುಖಗಳು ಇನ್ನೆಲ್ಲಿ ಸಿಗುತ್ತವೆ? ಸೀಟು ಬಿಟ್ಟುಕೊಟ್ಟು ತನ್ನ ದೊಡ್ಡತನಕ್ಕೆ ತಾನೇ ಮೆಚ್ಚಿ ನಿಂತ ಮ್ಯಾನೇಜರು, ಟಿಕ್. ಚೀಲ ಹೊತ್ತ ತರಕಾರಿಯವನು, ಟಿಕ್.

ಎಲ್ಲರಿಗಿಂತ ಕೊನೆಗೆ ತಿಳಿದದ್ದು ಗಂಡನಿಗೆ. ಕಂಡಕ್ಟರು ಕೈ ಕುಲುಕಿದನಂತೆ. ಸಂಜೆ ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತ.

"ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದ.

ಅವಳು ಕೋಟು ತೆರೆದು ತೋರಿಸಿದಳು. ಅವನು ಜೇಬನ್ನು ನೋಡಿದ, ಅವಳನ್ನು ನೋಡಿದ, ಬೂಟು ಬಿಚ್ಚಿದ. "ಕಂಡಕ್ಟರು ನನ್ನ ಡ್ಯೂಟಿ ಬೆಳಗಿನ ಪಾಳಿಗೆ ಹಾಕಿಸಿಕೊಟ್ಟಿದ್ದಾನೆ," ಎಂದ ಮೆಲ್ಲಗೆ. "ಸ್ವಲ್ಪ ದಿನ ಇರಲಿ ಬಿಡು."

ಉಳಿದವರು ಅತ್ತೆ. ಅವರು ಕೇಳಲಿಲ್ಲ, ಬೈಯಲಿಲ್ಲ. ಉಲ್ಲನ್ ಅಕ್ಕನಿಂದ ಕಂದು ಬಣ್ಣದ ನೂಲು ತಂದು ಏನೋ ಹೆಣೆಯಲು ಕೂತರು. ಸಂಜೆ ಸೊಸೆ ಪಕ್ಕದಲ್ಲಿ ಬಂದು ಕೂತರೆ ಬೆನ್ನಿಗೆ ದಿಂಬು ತಂದಿಡುತ್ತಿದ್ದರು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವರ ಪಕ್ಕದಲ್ಲಿ ಕೂತು, ತಮ್ಮ ತಮ್ಮ ಬಾಣಂತನದ ಕತೆ ಬಿಚ್ಚಿದರು. ಅತ್ತೆ ಎಲ್ಲಕ್ಕೂ ಗಂಭೀರವಾಗಿ ತಲೆಯಾಡಿಸುತ್ತಾ ಸಲಹೆ ಕೊಡುತ್ತಿದ್ದರು. ಟೈಲರಮ್ಮನ ಎದೆಯಲ್ಲಿ ಮೊದಲ ಸಲ ಕಸಿವಿಸಿಯಾಯಿತು. ಊರನ್ನು ಆಟ ಆಡಿಸಬಹುದು, ಮುದುಕಿಯ ಆಸೆಯನ್ನು ಆಡಿಸಬಾರದು. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು. ಬೆಳಿಗ್ಗೆ ಅತ್ತೆ ಬಿಸಿ ಹಾಲು ತಂದು ಕೈಗಿಟ್ಟರೆ ಅದನ್ನು ಕುಡಿದು, ಕೋಟು ತೊಟ್ಟು ಹೊರಟುಬಿಡುತ್ತಿದ್ದಳು. ಇನ್ನೊಂದು ಕಡೆ ಬಿಸಿಲು ಏರುತ್ತಿತ್ತು. ಚಳಿ ಮುಗಿದರೆ ಕೋಟು ಬಿಚ್ಚಲೇಬೇಕು.

ಒಂದು ಮಧ್ಯಾಹ್ನ ಅತ್ತೆ ಹೆಣಿಗೆಯ ಚೀಲ ಹಿಡಿದು ಅಂಗಡಿಗೆ ಬಂದರು. ಹಿಂದೆಯೇ ಉಲ್ಲನ್ ಅಕ್ಕ.

"ಎಷ್ಟು ತಿಂಗಳು ಅಂತ ಬಾಯೇ ಬಿಡಲ್ಲ ನೀನು," ಎನ್ನುತ್ತಾ ಉಲ್ಲನ್ ಅಕ್ಕ, ಟೈಲರಮ್ಮ ತಡೆಯುವ ಮೊದಲೇ, ಅಂಗೈಯನ್ನು ಕೋಟಿನ ಉಬ್ಬಿನ ಮೇಲೆ ಒತ್ತಿದಳು.

ಟಿಕ್.

"ಒದೀತು," ಎಂದಳು ಉಲ್ಲನ್ ಅಕ್ಕ, ಮುಖವೆಲ್ಲ ಅರಳಿಸಿ. ಆಮೇಲೆ ಮತ್ತೊಮ್ಮೆ ಮುಟ್ಟಿ, "ಅಯ್ಯೋ, ಇದಕ್ಕೆ ಮೂಲೆ ಇದೆಯಲ್ಲೇ" ಎಂದಳು.

ಮೊದಲು ನಕ್ಕವರು ಅತ್ತೆ. ಸ್ಟೂಲಿನ ಮೇಲೆ ಕುಸಿದು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. ಅವರು ನಕ್ಕದ್ದನ್ನು ಟೈಲರಮ್ಮ ಅಲ್ಲಿಯವರೆಗೆ ಕಂಡೇ ಇರಲಿಲ್ಲ.

"ನಿಮಗೆ ಗೊತ್ತಿತ್ತಾ ಅತ್ತೆ?"

"ಕೋಟಿನ ಧೂಳು ಹೊಡೆಯೋದು ಯಾರು ಅಂದುಕೊಂಡಿದ್ದೆ? ನೀನು ಜೇಬು ಹೊಲಿದ ಮಾರನೇ ದಿನವೇ ಗೊತ್ತು," ಎಂದರು ಅತ್ತೆ. ಚೀಲದಿಂದ ಹೆಣಿಗೆ ತೆಗೆದು ಮೇಜಿನ ಮೇಲಿಟ್ಟರು. ಕ್ಯಾಮೆರಾಕ್ಕೆ ಕಂದು ಉಲ್ಲನ್ನಿನ ಅಂಗಿ. ಲೆನ್ಸಿಗೊಂದು ದುಂಡು ತೂತು, ಮೇಲೆ ನೋಡುವ ಕಿಟಕಿಗಳಿಗೆ ಉದ್ದನೆಯ ಸೀಳು.

"ಮಗುವಿನ ಟೋಪಿಗೆ ನಡುವೆ ತೂತು ಯಾಕೆ ಅಂತ ನಾನು ಅವತ್ತೇ ಕೇಳಿದ್ದೆ," ಎಂದಳು ಉಲ್ಲನ್ ಅಕ್ಕ ಸೋತ ದನಿಯಲ್ಲಿ.

"ಮತ್ತೆ ಯಾಕೆ ಹೇಳಲಿಲ್ಲ ಅತ್ತೆ?"

ಅತ್ತೆ ಕನ್ನಡಕ ಹಾಕಿಕೊಂಡರು. "ಮನೇಲಿ ಒಬ್ಬಳೇ ಪೇಪರು ಓದ್ತಾ ಕೂತಿರೋಳು ನಾನು. ಈ ಚಳಿಗಾಲದಲ್ಲಿ ಬೀದಿಗೆ ಬೀದಿಯೇ ನನ್ನ ಹತ್ರ ಬಂತು. ನೀನೂ ಬಂದು ಕೂತೆ. ನಾನೇ ಯಾಕೆ ಕೆಡಿಸಿಕೊಳ್ಳಲಿ?"

ಟೈಲರಮ್ಮ ಕೋಟಿನಿಂದ ಕ್ಯಾಮೆರಾ ಹೊರಗೆ ತೆಗೆದಳು. ಉಲ್ಲನ್ ಅಂಗಿಯನ್ನು ಕ್ಯಾಮೆರಾಕ್ಕೆ ತೊಡಿಸಿದಳು. ಒಂದೂ ಹೊಲಿಗೆ ಬಿಚ್ಚಬೇಕಾಗಲಿಲ್ಲ.

ಸುದ್ದಿ ಹಬ್ಬಿದಷ್ಟೇ ವೇಗದಲ್ಲಿ ಸಪ್ಪೆಯಾಯಿತು. ಕೆಲವರು ಮುಖ ಊದಿಸಿಕೊಂಡರು. ಟೈಲರಮ್ಮ ಫೋಟೋಗಳನ್ನು ಅಚ್ಚು ಹಾಕಿಸಿ, ಅವರವರ ಮುಖ ಅವರವರಿಗೆ ಕೊಟ್ಟುಬಂದಳು. ಅಷ್ಟು ದಯೆ ತುಂಬಿದ ತನ್ನ ಮುಖವನ್ನು ನೋಡಿ ಸಿಟ್ಟಿನಲ್ಲಿ ಉಳಿಯುವುದು ಯಾರಿಗಾದರೂ ಕಷ್ಟ. ಮ್ಯಾನೇಜರು ಬ್ಯಾಂಕಿನ ಮೇಜಿನ ಮೇಲೆ ಇಟ್ಟುಕೊಂಡ. ಬಸ್ಸಿನಲ್ಲಿ ಈಗ ಬೇರೆಯವರಿಗೂ ಎದ್ದು ಜಾಗ ಕೊಡುತ್ತಾನಂತೆ, ಕೊಟ್ಟು ಅತ್ತಿತ್ತ ಯಾರ ಕೋಟಾದರೂ ಉಬ್ಬಿದೆಯೇ ಎಂದು ನೋಡುತ್ತಾನಂತೆ.

ಈಗ ಬೆಳಗಿನ ಹೊತ್ತು ಅತ್ತೆ ಸೊಸೆ ಜೊತೆಯಾಗಿ ಹೊರಡುತ್ತಾರೆ. ಅತ್ತೆಯೂ ಕಿಟಕಿಗೆ ಕಣ್ಣಿಟ್ಟು, ಉಂಗುರ ತಿರುಗಿಸಲು ಕಲಿತಿದ್ದಾರೆ. ಕ್ಯಾಮೆರಾ ಸರದಿಯ ಮೇಲೆ ಇಬ್ಬರ ಕೈಯಲ್ಲೂ ಓಡಾಡುತ್ತದೆ. ಕೊಡು, ಇನ್ನೊಂದು ಗಳಿಗೆ, ನಿನ್ನದಾಯ್ತಲ್ಲ ಎಂದು ದಾರಿಯುದ್ದಕ್ಕೂ ಜಗಳ ನಡೆಯುತ್ತದೆ.

ಉಲ್ಲನ್ ಅಕ್ಕನಿಗೂ ಒಂದು ಫೋಟೋ ಸಿಕ್ಕಿತು. ಅವಳದೇ ಅಂಗಡಿಯ ಬಾಗಿಲಿಂದ ಕದ್ದು ತೆಗೆದದ್ದು, ಪ್ಲೈವುಡ್ಡಿಗೆ ಕಿವಿ ಒತ್ತಿ, ಕಣ್ಣು ಅರೆಮುಚ್ಚಿ, ಕೈಯಲ್ಲಿ ಉಂಡೆ ಹಿಡಿದು ನಿಂತದ್ದು. ನೋಡಿ ಒಂದು ವಾರ ಮಾತು ಬಿಟ್ಟಳು. ಆಮೇಲೆ ಹಲಗೆಯ ಆಚೆಯಿಂದಲೇ ದನಿ ಬಂತು.

"ಮೂಗು ಚೆನ್ನಾಗಿ ಬಂದಿದೆ. ಇನ್ನೊಂದು ದೊಡ್ಡದು ಮಾಡಿಸಿಕೊಡು."